ಗುಳಿ ಇದ್ದ ಗೋಡೆ

"ಯಾರಯ್ಯ ನಿಂಗೆ ಇದನ್ನ ಮುಟ್ಟು ಅಂದವ್ರು?"

ಶಿವರಾಮಯ್ಯನ ಕೂಗಿಗೆ ತುಮಕೂರಿನ ಶಿರಾ ಗೇಟಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೂ ತಿರುಗಿ ನೋಡಿದರು. ಕುಣಿಗಲ್ಲಿನಲ್ಲಿ ತಂಗಿಯ ಮದುವೆ ಮುಗಿಸಿ ಆಗಷ್ಟೇ ಬಸ್ಸಿಳಿದಿದ್ದ, ಚೀಲ ಇನ್ನೂ ಹೆಗಲಲ್ಲೇ ಇತ್ತು. ಅವನೇ ನಕ್ಷೆ ಬರೆದು ಕಟ್ಟಿಸಿದ ತೆಂಗು ಬೆಳೆಗಾರರ ಸಂಘದ ಹೊಸ ಕಟ್ಟಡ. ಅದರ ಮುಂಗೋಡೆ ನಾಲ್ಕೇ ದಿನದಲ್ಲಿ ನುಣ್ಣಗಾಗಿಬಿಟ್ಟಿತ್ತು.

ಬಂಡೆ ಸೀಳುವಾಗ ಬೆಣೆ ಇಡಲು ಸಾಲಾಗಿ ಗುಳಿ ತೋಡುತ್ತಾರೆ. ಸೀಳಿದ ಮೇಲೆ ಅಂಚಿನಲ್ಲಿ ಅರ್ಧರ್ಧ ಗುಳಿ ಉಳಿಯುತ್ತದೆ. ಅಂಥ ಕಲ್ಲುಗಳನ್ನು ಜೋಡಿಸಿ, ಗುಳಿಯ ಸಾಲುಗಳನ್ನೇ ಚಿತ್ರ ಮಾಡಿ ಶಿವರಾಮಯ್ಯ ಆ ಗೋಡೆ ಎಬ್ಬಿಸಿದ್ದ. ಎತ್ತ ನೋಡಿದರೂ ಬಂಡೆಯೇ ಕಾಣುವ ತುಮಕೂರಿಗೆ ಬೆಂಗಳೂರಿನ ಮುಖ ಅಂಟಿಸುವುದು ಅವನ ಮಟ್ಟಿಗೆ ನಾಚಿಕೆಗೇಡು. ಸಂಘದ ಅಧ್ಯಕ್ಷ ಅಣ್ಣಯ್ಯಪ್ಪನ ಜೊತೆ ಆರು ತಿಂಗಳು ಕಿತ್ತಾಡಿ ಒಪ್ಪಿಸಿದ್ದ. ಕಲ್ಲು ಸೀಳಿದ ಗೂಳೂರಿನ ಚೌಡಪ್ಪನಿಗೆ ಮಾತ್ರ ಒಂದು ದಿನವೂ ಇದನ್ನು ಬಿಡಿಸಿ ಹೇಳಿರಲಿಲ್ಲ. ಕೂಲಿಯವನಿಗೆ ಹೇಳುವುದೇನಿದೆ? ಓದಿದವರ ತಲೆ ಹೀಗೇ ಓಡುತ್ತದೆ.

"ಯಾರೂ ಯೇಳ್ಲಿಲ್ಲ ಸ್ವಾಮಿ, ನಾನೇ ಮಾಡ್ದೆ," ಎಂದ ಚೌಡಪ್ಪ. ಶಹಭಾಸ್ ಅನ್ನಿಸಿಕೊಳ್ಳುವ ಆಸೆ ಅವನ ಮುಖದಲ್ಲಿ ಇನ್ನೂ ಇತ್ತು. "ನಾಳಿದ್ದು ಮಿನಿಸ್ಟ್ರು ಬತ್ತಾರೆ. ಗುಳಿ ಹಂಗೇ ಬುಡಾಕೆ ಇದೇನ್ ದನದ ಕೊಟ್ಟಿಗೆನಾ? ಚೌಡಪ್ಪಂಗೆ ಕೆಲ್ಸ ಮುಗ್ಸಕ್ಕೆ ಬರಾಕಿಲ್ಲ ಅಂತ ಜನ ಆಡ್ಕೊಳಾಕಿಲ್ವಾ? ಇದುಕ್ಕೆ ಕೂಲಿ ಬ್ಯಾಡ. ನಾನೂ ನಮ್ಮ ಹನುಮಕ್ಕನೂ ಕೂತು ಕೆತ್ತಿದೀವಿ."

"ಹಾಳ್ ಮಾಡ್ದಲ್ಲೋ ಮುಟ್ಠಾಳ! ಗುಳಿಗೋಸ್ಕರನೇ ಈ ಗೋಡೆ ಕಟ್ಸಿದ್ದು. ಮತ್ತೆ ಹೊಡಿ, ಇವತ್ತೇ ಹೊಡಿ."

ಚೌಡಪ್ಪನ ಮುಖ ಕಪ್ಪಿಟ್ಟಿತು. "ಕಲ್ಲು ಸೀಳಾಕೆ ಗುಳಿ ಹೊಡಿತಾರೆ ಸ್ವಾಮಿ. ಸೀಳಿದ್ ಕಲ್ಗೆ ಸುಮ್ಸುಮ್ನೆ ಹೊಡ್ದು ಯಾರ್ಗೆ ಮೋಸ ಮಾಡ್ಲಿ? ನನ್ ಕೈಲಾಗಕಿಲ್ಲ."

"ಹಂಗಾದ್ರೆ ಆಚೆ ನಡಿ."

"ಬಾಯ್ ಬಿಗಿ ಹಿಡ್ದು ಮಾತಾಡಿ ಸ್ವಾಮಿ," ಎಂದಳು ಉಳಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ಹನುಮಕ್ಕ. "ನಿಮ್ಮಪ್ಪನ್ ವಯಸ್ಸಾಗೈತೆ ನನ್ ಗಂಡಂಗೆ."

ಅಷ್ಟರಲ್ಲಿ ಗುಬ್ಬಿ ಕಡೆಯಿಂದ ಅಣ್ಣಯ್ಯಪ್ಪನ ಅಂಬಾಸಿಡರ್ ಬಂದು ನಿಂತಿತು. ಅಧ್ಯಕ್ಷ ಇಳಿದು ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದ.

"ಈಗ ಲಕ್ಷಣವಾಯ್ತು ನೋಡಯ್ಯ! ಆರು ತಿಂಗ್ಳಿಂದ ನಾನ್ ಬಡ್ಕೊಂಡಿದ್ದೂ ಇದೇ."

ಚೌಡಪ್ಪ ಶಿವರಾಮಯ್ಯನ ಕಡೆ ನೋಡಿದ. ಗೆದ್ದವನ ನೋಟ ಅದು, ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಅಣ್ಣಯ್ಯಪ್ಪ ಕಾರಿನ ಕಡೆ ತಿರುಗಿದ. "ವೆಂಕಟಯ್ಯ, ಡಬ್ಬ ಇಳ್ಸು. ಗುಳಿ ಇದ್ರೆ ಬಣ್ಣ ಸರಿಯಾಗಿ ಕೂರಲ್ಲ ಅಂತಿದ್ದೆಯಲ್ಲ, ಈಗ ಬಳಿ." ಪೇಂಟರ್ ವೆಂಕಟಯ್ಯ ಕ್ರೀಮ್ ಬಣ್ಣದ ಡಬ್ಬಗಳನ್ನು ಇಳಿಸತೊಡಗಿದ.

"ಕಲ್ಗೆ ಬಣ್ಣವಾ?" ಚೌಡಪ್ಪ ಡಬ್ಬಗಳ ಕಡೆ ಧಾವಿಸಿದ. "ಕೈ ಮುಗಿತೀನಿ ಯಜಮಾನ್ರೇ, ಬ್ಯಾಡಿ. ಉಳಿ ಕೆಲ್ಸ ಕಾಣಾಕಿಲ್ಲ."

"ಕಾಣ್ದೇ ಇದ್ರೆ ಏನಯ್ಯ ನಷ್ಟ? ಬಳಿಯೋ ವೆಂಕಟಯ್ಯ."

ಚೌಡಪ್ಪ ಸರಕ್ಕನೆ ಶಿವರಾಮಯ್ಯನತ್ತ ತಿರುಗಿದ. "ಸ್ವಾಮಿ, ಗುಳಿ ಎಷ್ಟ್ ಆಳ ಬೇಕು ಯೇಳಿ. ಈಗ್ಲೇ ಹೊಡಿತೀನಿ."

"ಬಳೀಲಿ ಬಿಡು," ಎಂದ ಶಿವರಾಮಯ್ಯ. "ನೀನು ನಯ ಮಾಡ್ಕೊಟ್ಟಿದ್ದು ಅದಕ್ಕೇ ಅಲ್ವೇನಯ್ಯ?"

ಅಧ್ಯಕ್ಷನ ಮೇಲೆ ಆರು ತಿಂಗಳಿಂದ ಕುದಿಯುತ್ತಿದ್ದ ದ್ವೇಷವನ್ನೆಲ್ಲ ಮುದುಕನ ಮೇಲೆ ಕಕ್ಕಿ ಅವನು ಬಸ್ ನಿಲ್ದಾಣದ ದಾರಿ ಹಿಡಿದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ವೆಂಕಟಯ್ಯ ಎಡಗಡೆಯಿಂದ ಶುರು ಮಾಡಿದ. ನಡುವಿಗೆ ಬರುವ ಹೊತ್ತಿಗೆ ಚೌಡಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

"ಸರ್ಕಳಯ್ಯ, ನನ್ ಹೊಟ್ಟೆ ಮೇಲೆ ಯಾಕ್ ಹೊಡಿತೀಯ?"

"ಸರಿಯಾಕಿಲ್ಲ."

ಅಣ್ಣಯ್ಯಪ್ಪ ಬೈದ, ಪೊಲೀಸರನ್ನು ಕರೆಸುತ್ತೇನೆಂದ, ಕೊನೆಗೆ ಹಸಿವಾಗಿ ಊಟಕ್ಕೆ ಹೋದ. ವೆಂಕಟಯ್ಯ ತನಗೇಕೆ ಊರ ಉಸಾಬರಿ ಎಂದು ಮುದುಕನ ಸುತ್ತಲೇ ಬಳಿಯುತ್ತ ಹೋದ. ಬ್ರಷ್ಷು ಭುಜಕ್ಕೆ, ರುಮಾಲಿಗೆ ತಾಗಿದರೂ ಚೌಡಪ್ಪ ಅಲುಗಲಿಲ್ಲ. ಹನುಮಕ್ಕ ಮೂರು ಸಲ ಕರೆದಳು.

ಸಂಜೆ ಗೂಳೂರಿನ ಬಸ್ಸಿಗೆಂದು ಅವನು ಗೋಡೆ ಬಿಟ್ಟು ಹೊರಟ. ಹಸಿ ಬಣ್ಣದ ನಡುವೆ, ನೆಲದಿಂದ ಆಳೆತ್ತರಕ್ಕೆ, ಒಬ್ಬ ಮನುಷ್ಯನಷ್ಟು ಕಲ್ಲು ಉಳಿದಿತ್ತು.