ಬೆಲ್ ಆಗುವವರೆಗೆ

ಮಣ್ಣಗುಡ್ಡದ ಆ ಮನೆಯಲ್ಲಿ ಬೆಳಿಗ್ಗೆ ಆರರಿಂದ ಎಂಟರವರೆಗೆ ಟಾಯ್ಲೆಟ್ಟು ಮಟಿಲ್ಡಾ ಟೀಚರಿಗೇ ಮೀಸಲು. ಸುಖಕ್ಕೆ ಸಿಕ್ಕಿದ ಮೀಸಲಾತಿಯಲ್ಲ ಅದು. ತಿಣುಕಿ ತಿಣುಕಿ ಹಣೆಯಲ್ಲಿ ಬೆವರಿಳಿದರೂ ಹೊಟ್ಟೆ ಕಲ್ಲಿನ ಹಾಗೆ ಕೂತಿರುತ್ತಿತ್ತು. ಗಂಡ ಬೊನಿಫಾಸ್ ಹೊರಗಿನಿಂದ, "ಎಂತ, ಆಯ್ತಾ?" ಎಂದು ಕೇಳಿದರೆ ಬರಬೇಕೆಂದಿದ್ದದ್ದೂ ಹಿಂದೆ ಸರಿಯುತ್ತಿತ್ತು. ಪಪ್ಪಾಯಿ, ಹರಳೆಣ್ಣೆ, ಇಸಬ್‌ಗೋಲ್, ನೆನೆಸಿದ ಒಣದ್ರಾಕ್ಷಿ, ಹೀಗೆ ನೆಂಟರು ಹೇಳಿದ್ದೆಲ್ಲ ಒಳಗೆ ಹೋಗಿತ್ತು. ಹೊರಗೆ ಬರುವ ಮಾತು ಮಾತ್ರ ಯಾವುದಕ್ಕೂ ಗೊತ್ತಿರಲಿಲ್ಲ.

ಮಸ್ಕತ್‌ನಲ್ಲಿ ಮಗಳು ರೇಚಲ್ ಎಂಟು ತಿಂಗಳ ಬಸುರಿ. ಬಾಣಂತನಕ್ಕೆ ತಾಯಿ ಹೋಗದಿದ್ದರೆ ಇನ್ಯಾರು ಹೋಗಬೇಕು? ಆದರೆ ಆ ಸಣ್ಣ ಫ್ಲ್ಯಾಟಿನಲ್ಲಿ ಇರುವುದೇ ಒಂದು ಟಾಯ್ಲೆಟ್. ಅಮ್ಮ ಎರಡು ಗಂಟೆ ಅದರ ಚಿಲಕ ಹಾಕಿಕೊಂಡು ಕೂತರೆ ಬಾಣಂತಿಯ ಗತಿ ಏನು? "ಟಿಕೆಟ್ ಮಾಡ್ಲಾ?" ಎಂದು ಬೊನಿಫಾಸ್ ಮೂರು ಸಲ ಕೇಳಿದ್ದರು. ಮೂರು ಸಲವೂ ಟೀಚರು ಮಾತು ಮರೆಸಿದ್ದರು. ಹೊಟ್ಟೆಯ ಸಂಗತಿ ಗಂಟಲಿನ ಬಿಸಿತುಪ್ಪ, ಮಗಳಿಗೆ ಹೇಳುವ ಹಾಗೂ ಇಲ್ಲ, ಹೇಳದೆ ಇರುವ ಹಾಗೂ ಇಲ್ಲ.

ಕರುಳಿನಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ಕೆಳಗಿನ ಸ್ನಾಯು ಸಡಿಲಬೇಕಾದ ಹೊತ್ತಿಗೆ ಬಿಗಿಯುತ್ತದಂತೆ. ಅದಕ್ಕೆ ಫಿಸಿಯೋಥೆರಪಿ ಉಂಟು ಎಂದು ಪಂಪ್‌ವೆಲ್ ಹತ್ತಿರದ ಒಂದು ಕ್ಲಿನಿಕ್ಕಿಗೆ ಚೀಟಿ ಬರೆದುಕೊಟ್ಟರು. ಈ ಕೆಲಸ ಮಾಡುವ ಹೆಂಗಸು ಅವರಿಗೆ ಗೊತ್ತಿದ್ದದ್ದು ಅಲ್ಲಿಯ ಒಬ್ಬಳೇ.

ಮೊದಲ ದಿನ ಬಾಗಿಲು ತೆರೆದವಳು ನಕ್ಕು ಹೇಳಿದಳು, "ಟೀಚರ್, ನಾನು ಚೈತಾಲಿ. ಐದನೇ ಬಿ ಸೆಕ್ಷನ್. ನಿಮ್ಮ ಗಣಿತದ ಕ್ಲಾಸ್."

ಟೀಚರು ಕೈಯಲ್ಲಿದ್ದ ಚೀಟಿಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡರು.

ಮೂವತ್ತಾರು ವರ್ಷದಲ್ಲಿ ಶಾಲೆಯ ಹೊತ್ತಿನಲ್ಲಿ ಒಂದು ಸಲವೂ ಟಾಯ್ಲೆಟ್ಟಿಗೆ ಹೋಗದವರು ಮಟಿಲ್ಡಾ ಟೀಚರು. ಟೀಚರುಗಳ ಟಾಯ್ಲೆಟ್ಟು ಮೈದಾನದ ಆಚೆ ಇತ್ತು, ಒಂದು ಬೆಲ್ಲಿಗೂ ಇನ್ನೊಂದಕ್ಕೂ ನಡುವೆ ಪುರುಸೊತ್ತಿರಲಿಲ್ಲ. ಬಂದದ್ದನ್ನು ತಡೆದುಕೊಳ್ಳುವುದನ್ನು ಕಲಿತರು. ಕಲಿತದ್ದನ್ನೇ ದೊಡ್ಡಸ್ತಿಕೆ ಮಾಡಿಕೊಂಡರು. ಅಷ್ಟಕ್ಕೇ ಬಿಡದೆ ಮಕ್ಕಳಿಗೂ ಕಲಿಸಿದರು. ಯಾವ ಮಗು ಕಿರುಬೆರಳು ಎತ್ತಿದರೂ ಒಂದೇ ಉತ್ತರ: ಬೆಲ್ ಆಗಲಿ. ಚೈತಾಲಿಯೂ ಒಂದು ದಿನ ಎತ್ತಿದ್ದಳು. ಬೆಲ್ಲಿಗೆ ಹತ್ತು ನಿಮಿಷವಿತ್ತು. ಭಾಗಾಕಾರದ ಮಧ್ಯೆ ಮೂರನೇ ಬೆಂಚಿನ ಕೆಳಗೆ ನೀರು ಹರಿಯಿತು, ಇಡೀ ಕ್ಲಾಸು ನಕ್ಕಿತು. ಟೀಚರು ಆಯಾಳನ್ನು ಕರೆದು ಒರೆಸಲು ಹೇಳಿ, ಲೆಕ್ಕ ಮುಂದುವರಿಸಿದ್ದರು.

ಅದು ಇವಳಿಗೆ ನೆನಪುಂಟೋ ಇಲ್ಲವೋ? ಕೇಳುವ ಧೈರ್ಯವಿಲ್ಲ, ಬಿಟ್ಟು ಹೋಗಲು ಬೇರೆ ಜಾಗವಿಲ್ಲ. ಮೂರು ವಾರ ಟೀಚರು ಗೋಡೆ ಕಡೆಗೆ ಮುಖ ಮಾಡಿ, ಮೊಣಕಾಲು ಮಡಚಿ, ಯಾರಿಗೂ ತೋರಿಸದ ಜಾಗಕ್ಕೆ ಸಣ್ಣ ವೈರು ಸಿಕ್ಕಿಸಿಕೊಂಡು ಆ ಹುಡುಗಿಗೆ ಬೆನ್ನು ಕೊಟ್ಟು ಮಲಗಿದರು. ಸ್ನಾಯು ಬಿಗಿದರೆ ವೈರಿನ ಇನ್ನೊಂದು ತುದಿಯ ಮಿಷಿನ್ನಿನ ಪರದೆಯಲ್ಲಿ ಹಸಿರು ಗೆರೆ ಏರುತ್ತದೆ, ಸಡಿಲಿದರೆ ಇಳಿಯುತ್ತದೆ. ಟೀಚರ ಗೆರೆ ಏರಿದ್ದೇ ಹೆಚ್ಚು. ನಾಚಿಕೆಯಿಂದ ಅವರಿಗೆ ಸಾಯುವಷ್ಟಾಗುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡರು.

ನಾಲ್ಕನೇ ವಾರ, ಉಸಿರು ಬಿಡುವ ಅಭ್ಯಾಸದ ನಡುವೆ, ಹೊಟ್ಟೆಯೊಳಗೆ ಏನೋ ಮೆಲ್ಲಗೆ ಕೆಳಗೆ ಜಾರಿತು. ತಿಂಗಳುಗಟ್ಟಲೆ ಮರೆತೇ ಹೋಗಿದ್ದ ಕರೆ. ಟೀಚರು ಗೋಡೆಯ ಗಡಿಯಾರ ನೋಡಿದರು. ಸೆಷನ್ ಮುಗಿಯಲು ಇನ್ನೂ ಹತ್ತು ನಿಮಿಷ. ಅಭ್ಯಾಸಬಲದಿಂದ ಗಟ್ಟಿಯಾಗಿ ತಡೆದುಕೊಂಡರು.

ಗೆರೆ ಸರ್ರನೆ ಮೇಲೇರಿತು.

"ಟೀಚರ್, ಬರ್ತಾ ಉಂಟಾ?"

"ಪರವಾಗಿಲ್ಲ. ಇದು ಮುಗೀಲಿ."

ಚೈತಾಲಿ ವೈರು ತೆಗೆದಳು, ಟೀಚರನ್ನು ಕೈಹಿಡಿದು ಏಳಿಸಿದಳು, ಪಕ್ಕದ ಟಾಯ್ಲೆಟ್ಟಿನ ಬಾಗಿಲು ತೆರೆದು ಕಾಲಿಡುವ ಮಣೆಯನ್ನು ಸರಿಪಡಿಸಿದಳು. "ಹೋಗಿ ಟೀಚರ್. ಬಂದಾಗ ಹೋಗ್ಬೇಕು. ಅದೇ ಮದ್ದು."

ಟೀಚರು ಬಾಗಿಲು ಹಾಕಿಕೊಂಡು ಕೂತರು. ಅಷ್ಟರಲ್ಲಿ ಎಲ್ಲ ಬಿಗಿದುಕೊಂಡಿತ್ತು. ಅದೇ ಬೆವರು, ಅದೇ ಕಲ್ಲು. ಬಾಗಿಲ ಈಚೆಯಿಂದ, ಮುಖ ಕಾಣದ ಧೈರ್ಯದಲ್ಲಿ, ಕೇಳಿಯೇಬಿಟ್ಟರು. "ಚೈತಾಲಿ, ಅವತ್ತು ನೀನು ಎರಡು ಸಲ ಕೇಳಿದ್ದಿ ಅಲ್ವಾ?"

"ನಾಲ್ಕು ಸಲ, ಟೀಚರ್."

ಟೀಚರ ಕಣ್ಣಿಂದ ನೀರು ದಳದಳ ಇಳಿಯಿತು. "ತಪ್ಪಾಯ್ತು ಮಗಾ."

ಪರವಾಗಿಲ್ಲ ಎಂದು ಆಚೆಯಿಂದ ಬರಲಿಲ್ಲ. ಬರಬಾರದೆಂದೇ ಟೀಚರಿಗೂ ಅನಿಸಿತು. "ಉಸಿರು ಉದ್ದಕ್ಕೆ ಬಿಡಿ," ಎಂದಿತು ಧ್ವನಿ. "ತಿಣುಕ್ಬೇಡಿ."

ಆಗಲೇ ಕ್ಲಿನಿಕ್ಕಿನ ಮುಂಬಾಗಿಲಿನ ಬೆಲ್ ಆಯಿತು. ಮುಂದಿನ ಪೇಶೆಂಟು. ಟೀಚರ ಕಾಲುಗಳು ತಾವಾಗಿಯೇ ಮಣೆಯಿಂದ ಇಳಿದವು, ಕೈ ಸೀರೆಯ ನೆರಿಗೆಗೆ ಹೋಯಿತು, ಅರ್ಧ ಎದ್ದೂ ಬಿಟ್ಟರು.

ಹೊರಗೆ ಚೈತಾಲಿ ಬಾಗಿಲು ತೆರೆದದ್ದು ಕೇಳಿಸಿತು. "ಸ್ವಲ್ಪ ಕೂತ್ಕೊಳ್ಳಿ," ಎಂದು ಯಾರಿಗೋ ಹೇಳುತ್ತಿದ್ದಳು. "ಒಳಗೆ ನಮ್ಮ ಟೀಚರ್ ಇದ್ದಾರೆ. ಅವರದ್ದು ಆಗ್ಲಿ."

ಮಟಿಲ್ಡಾ ಟೀಚರು ಮತ್ತೆ ಕೂತು, ಕಾಲನ್ನು ಮಣೆಯ ಮೇಲಿಟ್ಟರು.