ಕಾರಿನಲ್ಲಿ ಕೂತು ನೋಡಿದ ತೋಡು

ಸಮುದ್ರಕ್ಕಿಂತ ತಗ್ಗಿನಲ್ಲಿರುವ ಊರಿನಿಂದ ಮಳೆನೀರು ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಕಳಿಸಬೇಕು. ಅದಕ್ಕೇ ಜರ್ಮನಿಯ ಕಡಲಂಚಿನ ವೀಬೆಕೋಗಿನಲ್ಲಿ ಪ್ರತಿಯೊಬ್ಬರೂ ತಮ್ಮ ಹೊಲದಂಚಿನಲ್ಲಿ ನೀರು ಹರಿಯುವ ತೋಡನ್ನು ಅಕ್ಟೋಬರ್ ಮುಗಿಯುವುದರೊಳಗೆ ಕೆರೆದು, ಜೊಂಡು ಕಿತ್ತಿಡಬೇಕು. ನವೆಂಬರಿನಲ್ಲಿ ಮೇಯರ್ ಬೂಟು ಹಾಕಿಕೊಂಡು, ಕೋಲು ಹಿಡಿದು, ಒಂದೊಂದು ತೋಡಿನ ಪಕ್ಕವೂ ನಡೆದು ನೋಡಬೇಕು. ನೂರೆಂಬತ್ತು ಜನರ ಪುರಸಭೆಗೆ ಇದಕ್ಕಿಂತ ಘನಂದಾರಿ ಕೆಲಸ ಇನ್ನೇನಿದೆ? ಈ ಸಲ ಮೇಯರ್ ಕೆಟೆಲ್ ಕಾರಿನಲ್ಲಿ ಕೂತೇ ಊರು ಸುತ್ತಿ, ಎಲ್ಲವೂ ಸ್ವಚ್ಛ ಎಂದು ಬರೆದುಬಿಟ್ಟ.

ಅದರ ಫಲ ಡಿಸೆಂಬರಿನಲ್ಲಿ ಗೆಶೆಯ ಕೊಟ್ಟಿಗೆಗೆ ಬಂತು. ಮೂರು ದಿನದ ಮಳೆಗೆ ಅವಳ ಹನ್ನೊಂದು ಹಸುಗಳು ಗೊರಸು ಮುಳುಗುವ ನೀರಿನಲ್ಲಿ ನಿಂತವು. ಅದರಲ್ಲಿ ಎರಡು ತುಂಬುಗಬ್ಬದವು, ಮಲಗಲೂ ಒಣಜಾಗವಿಲ್ಲ. ಇನ್ನೊಂದು ದಿನ ಹೀಗೇ ನಿಂತರೆ ಕರುಗಳ ಆಸೆ ಬಿಡಬೇಕಿತ್ತು. ನೀರು ಹರಿಯುವ ತೋಡು ಪಕ್ಕದ ಮನೆಯ ಹಿತ್ತಲಿನಲ್ಲಿತ್ತು, ಅಂದರೆ ಇರಬೇಕಿತ್ತು. ಹ್ಯಾಂಬರ್ಗಿನಿಂದ ಬಂದು ಮನೆ ಕೊಂಡ ಹಲ್ಲಿನ ಡಾಕ್ಟರ್ ಬೇಸಿಗೆಯಲ್ಲಿ ಅದಕ್ಕೆ ಮಣ್ಣು ತುಂಬಿಸಿ ಹುಲ್ಲುಹಾಸು ಮಾಡಿಕೊಂಡಿದ್ದ. ತೋಡು ಮುಚ್ಚುವುದೆಂದರೆ ಊರಿನ ಮೂಗು ಹಿಡಿದ ಹಾಗೆ ಎಂದು ಆ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದ ಕೆಟೆಲ್ ಬಾಯಿಗೆ ಬೀಗ ಹಾಕಿಕೊಂಡಿದ್ದ. ಗೆಶೆಗೆ ಮೈಯೆಲ್ಲ ಉರಿದದ್ದು ಅದಕ್ಕೆ.

ಕೆಟೆಲ್ ಅವಳ ಚಿಕ್ಕಪ್ಪನ ಮಗ. ಅಗ್ನಿಶಾಮಕದ ಶೆಡ್ಡಿನಲ್ಲಿ ಟೀ ಕುಡಿಯುತ್ತ ಕೂತವನನ್ನು ಹೋಗಿ ಹಿಡಿದಳು. ಡಾಕ್ಟರಿಗೆ ಮೂರು ಮಕ್ಕಳು, ಆ ಮೂರರಿಂದಲೇ ಊರಿನ ಶಿಶುವಿಹಾರ ಉಳಿದಿದೆ, ಅವರು ಮುನಿಸಿಕೊಂಡು ಊರು ಬಿಟ್ಟರೆ ಅದನ್ನು ಮುಚ್ಚಬೇಕು, ವಸಂತದವರೆಗೆ ಸ್ವಲ್ಪ ಹೊಂದಿಕೊ ಎಂದು ಅವನು ರಾಗ ಎಳೆದ.

“ಹೊಂದ್ಕೊಳ್ಳೋಕೆ ನನ್ನ ಹಸುಗಳೇನು ಬಾತುಕೋಳಿಗಳೇನೋ?” ಎಂದಳು ಗೆಶೆ. “ನಮ್ಮಜ್ಜ ಮೇಯರಾಗಿದ್ದಾಗ ಎಂಬತ್ತರ ವಯಸ್ಸಲ್ಲೂ ಕೋಲೂರ್ಕೊಂಡು ಎಲ್ಲಾ ತೋಡೂ ನಡೆದು ನೋಡ್ದ. ನಿನಗೆ ಕಾರಿಂದ ಇಳಿಯೋಕೆ ಏನು ಧಾಡಿ?”

“ಮಳೆ ಬರ್ತಿತ್ತಕ್ಕ.”

ಮಳೆಯಂತೆ ಮಳೆ! ಈ ಊರಿನಲ್ಲಿ ಹುಟ್ಟಿದವನು ಆಡುವ ಮಾತೇ ಅದು? ಗೆಶೆ ಸೀದಾ ಮನೆಗೆ ಬಂದು, ಸಲಿಕೆ ತೆಗೆದುಕೊಂಡು ಡಾಕ್ಟರನ ಬಾಗಿಲು ತಟ್ಟಿದಳು. ನಿಮ್ಮ ಹುಲ್ಲು ಅಗೆಯಲು ಬಂದಿದ್ದೇನೆ ಎಂದು ಹೇಳಿಯೇ ಅಗೆಯಲು ಶುರುಮಾಡಿದಳು. ಪೊಲೀಸರನ್ನು ಕರೆಯುತ್ತೇನೆಂದ ಡಾಕ್ಟರ್. ಮೊದಲು ನನ್ನ ಕೊಟ್ಟಿಗೆ ನೋಡಿ ಬನ್ನಿ, ಆಮೇಲೆ ಯಾರನ್ನಾದರೂ ಕರೆಯಿರಿ ಎಂದಳು. ಹೋಗಿ ನೋಡಿದವನು ಮುಖ ಇಳಿಬಿಟ್ಟುಕೊಂಡು ಬಂದ, ತಾನೂ ಒಂದು ಸಲಿಕೆ ತಂದ. ತನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು ಎರಡು ಸಲ ಅಂದ.

ಮಧ್ಯಾಹ್ನದ ಹೊತ್ತಿಗೆ ನೀರಿಗೆ ದಾರಿಯಾಯಿತು. ಕೊಟ್ಟಿಗೆಯ ನೀರು ಇಳಿಯತೊಡಗಿತು. ಅದು ಮುಂದೆ ಹೋಗಬೇಕಾದದ್ದು ಕೆಟೆಲನ ತೋಡಿಗೆ, ಅಲ್ಲಿಂದ ಕಡಲೊಡ್ಡಿನ ತೂಬಿಗೆ. ಆದರೆ ಕೆಟೆಲ್ ಎರಡು ವರ್ಷದಿಂದ ತನ್ನ ತೋಡಿನ ಜೊಂಡು ಮುಟ್ಟಿಯೇ ಇರಲಿಲ್ಲ. ಒಂದು ಗಂಟೆಯೊಳಗೆ ಮೊಣಕಾಲವರೆಗೆ ಒದ್ದೆಯಾಗಿ ಓಡಿಬಂದ.

“ಅಕ್ಕ, ಮುಚ್ಚಕ್ಕ. ಅಡುಗೆಮನೆಗೆ ನೀರು ನುಗ್ತು.”

“ಅದು ಹೇಗಪ್ಪ ನುಗ್ಗುತ್ತೆ? ಸ್ವಚ್ಛ ಅಂತ ನೀನೇ ಬರೆದಿದ್ದೀಯಲ್ಲ.”

ಕೆಟೆಲ್ ಡಾಕ್ಟರನ ಕಡೆ ನೋಡಿದ. ಡಾಕ್ಟರ್ ತಲೆಯೆತ್ತದೆ ಅಗೆಯುತ್ತಲೇ ಇದ್ದ. ಗೆಶೆ ತನ್ನ ಸಲಿಕೆಯನ್ನು ಮೇಯರನ ಕೈಗೆ ತುರುಕಿದಳು.

“ಇಲ್ಲಿಂದ ತೂಬಿನವರೆಗೆ ನಿಂದು. ನಡ್ಕೊಂಡು ಹೋಗು,” ಎಂದು ಹಸುಗಳ ಹತ್ತಿರ ಹೋದಳು.