ಕೀಲಿಯಿದ್ದೂ ತಟ್ಟುವವನು

ಶವಪೆಟ್ಟಿಗೆಯ ಎಡಬದಿಯ ಹಿಡಿಕೆ ಅಲುಗಾಡುತ್ತಿತ್ತು. ಬೀಗದ ಮೇಸ್ತ್ರಿ ಕೋಟಿನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಮಂಡಿಯೂರಿ, ತಿರುಪು ಬಿಗಿಸತೊಡಗಿದ. ಒಳಗೆ ಮಲಗಿದ್ದವಳು ನಲವತ್ತಾರು ವರ್ಷ ಅವನೊಂದಿಗೆ ಬಾಳಿದ ಹೆಂಡತಿ.

"ಅಪ್ಪಾ, ಫಾದರ್ ಬಂದಿದಾರೆ," ಎಂದಳು ಮಗಳು.

ಪಾದ್ರಿ ಚಿಕ್ಕ ವಯಸ್ಸಿನವರು, ಚರ್ಚಿಗೆ ಹೊಸಬರು. ಕೈಯಲ್ಲಿ ತೀರಿಕೊಂಡವಳೇ ಬರೆದು ಹೊಲಿದ ತೆಳು ಪುಸ್ತಕವಿತ್ತು. "ಅಮ್ಮನವರ ಕವಿತೆ ಓದ್ತೀನಿ. ತುಂಬ ಚೆನ್ನಾಗಿದೆ. ಕೊನೇ ಎರಡು ಸಾಲು ಮಾತ್ರ ಬಿಟ್ಬಿಡೋಣ. ಹಿರಿಯರು ಕೂತಿರ್ತಾರೆ, ಬೇರೆ ಅರ್ಥ ಬರುತ್ತೆ."

"ಬದುಕಿದ್ದಾಗ ಒಂದಕ್ಷರ ಬಿಡೋಕೆ ಅವಳು ಒಪ್ಪಲಿಲ್ಲ. ಈಗ ಅವಳಿಗೆ ಬಾಯಿಲ್ಲ ಅಂತ ನಾನು ಒಪ್ಪಲಾ?" ಮೇಸ್ತ್ರಿ ತಲೆಯೆತ್ತಲಿಲ್ಲ. "ಓದೋದಾದ್ರೆ ಪೂರ್ತಿ ಓದಿ."

"ನೋಡ್ತೀನಿ," ಎಂದು ಪಾದ್ರಿ ಚರ್ಚಿನ ಒಳಗೆ ಹೋದರು.

*

ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಹಾಳೆ ಮಡಚುವ ಕೆಲಸಕ್ಕೆ ಸೇರಿದಾಗ, ಮುಂದೆ ಮೇಸ್ತ್ರಿಯ ಹೆಂಡತಿಯಾದವಳಿಗೆ ಹತ್ತೊಂಬತ್ತು. ಆ ವರ್ಷ ಅಲ್ಲಿ ಚರ್ಚಿನ ಪವಿತ್ರ ಗ್ರಂಥ ಅಚ್ಚಾಗುತ್ತಿತ್ತು. ಒಬ್ಬೊಬ್ಬರ ಮೇಜಿಗೆ ಒಂದೊಂದು ಭಾಗ. ಅವಳ ಪಾಲಿಗೆ ಬಂದದ್ದು ಆ ಗ್ರಂಥದಲ್ಲೇ ಬರುವ ಪ್ರೇಮಗೀತೆಗಳ ಹಾಳೆಗಳು: ಬೀದಿ ಬೀದಿ ಅಲೆದು ಪ್ರಿಯನನ್ನು ಹುಡುಕುವ ಹೆಣ್ಣು, ಬಾಗಿಲಾಚೆ ನಿಂತ ಗಂಡು. ಸಾವಿರಾರು ಸಲ ಮಡಚುವಷ್ಟರಲ್ಲಿ ಎಲ್ಲ ಬಾಯಿಪಾಠವಾಯಿತು.

"ಇದು ದೇವರ ಮಾತಾ, ಮನುಷ್ಯರ ಮಾತಾ?" ಎಂದು ಮೇಲ್ವಿಚಾರಕನನ್ನು ಕೇಳಿದಳು.

"ನೀನು ಮಡಚಮ್ಮ," ಎಂದ ಆತ.

ಅವಳು ಮಡಚಿದಳು. ಮದುವೆಯಾದ ಮೇಲೆ ತಾನೂ ಬರೆಯತೊಡಗಿದಳು. ಅವಳ ಕವಿತೆಗಳಲ್ಲಿ ಆ ಗೀತೆಗಳ ದ್ರಾಕ್ಷಿತೋಟವಿರಲಿಲ್ಲ, ಅರಸನಿರಲಿಲ್ಲ. ಅಂಟಿನ ಡಬ್ಬಿಯಿತ್ತು, ಬಸ್ಸಿಗೆ ಕಾಯುವ ಸಾಲಿತ್ತು, ಊರವರ ಬೀಗ ಸರಿಮಾಡಿ ಸಂಜೆ ಮನೆ ಸೇರುವ ಗಂಡನಿದ್ದ. ತನ್ನ ಮನೆಯ ಕೀಲಿ ಜೇಬಿನಲ್ಲಿದ್ದರೂ ಅವನು ದಿನವೂ ಬಾಗಿಲು ತಟ್ಟಿಯೇ ಬರುತ್ತಿದ್ದ.

ಆ ಕುರಿತ ಕವಿತೆಯನ್ನು ಚರ್ಚಿನ ಪತ್ರಿಕೆಗೆ ಕೊಟ್ಟಾಗ ಅಂದಿನ ವಯಸ್ಸಾದ ಪಾದ್ರಿ ಅವಳನ್ನು ಕರೆಸಿದರು.

"ಯಾರಿಗಮ್ಮ ಇದು? ದೇವರಿಗೋ, ಗಂಡನಿಗೋ?"

"ನನಗಿರೋದು ಒಂದೇ ಬಾಗಿಲು ಫಾದರ್. ಯಾರು ತಟ್ಟಿದ್ರೂ ಅದನ್ನೇ ತೆಗೀಬೇಕು."

ಪತ್ರಿಕೆ ಅದನ್ನು ಅಚ್ಚು ಹಾಕಲಿಲ್ಲ. ಅವಳು ಅಳಲೂ ಇಲ್ಲ, ತಿದ್ದಲೂ ಇಲ್ಲ. ತಾನೇ ನಲವತ್ತು ಪ್ರತಿ ಮಾಡಿ, ಹೊಲಿದು, ರಟ್ಟು ಹಾಕಿ, ಜೊತೆಯ ಕೆಲಸದವರಿಗೆ ಕೊಟ್ಟಳು.

*

ಚರ್ಚು ತುಂಬಿತ್ತು. ಪಾದ್ರಿ ಪುಸ್ತಕ ಬಿಡಿಸಿದರು.

"ಊರ ಬೀಗಗಳನ್ನೆಲ್ಲ ತೆರೆಯುವವನೇ,
ಕೈಯಲ್ಲಿ ಕೀಲಿಯಿದ್ದೂ
ನನ್ನ ಬಾಗಿಲಲ್ಲೇಕೆ ನಿಂತು ತಟ್ಟುತ್ತೀ?"

ಓದಿ ಪುಸ್ತಕ ಮುಚ್ಚಿದರು. ಮುಂದಿನ ಬೆಂಚಿನಲ್ಲಿ ಮೇಸ್ತ್ರಿ ತುಟಿ ಕಚ್ಚಿ ನೆಲ ನೋಡಿದ. ಮಗಳು ಅವನ ಕೈ ಹಿಡಿದಳು.

"ಇನ್ನೂ ಎರಡು ಸಾಲಿದೆ ಫಾದರ್."

ಹೇಳಿದವಳು ಹಿಂದಿನ ಸಾಲಿನ ಅಂಟಿನಜ್ಜಿ. ಪುಸ್ತಕದ ಬೆನ್ನಿಗೆ ಅಂಟು ಹಚ್ಚಿಯೇ ಮುದುಕಿಯಾದವಳು. ಕೋಲೂರಿ ಎದ್ದಳು. ಅವಳ ಪಕ್ಕದಲ್ಲಿ ಪುಸ್ತಕ ಹೊಲಿಯುತ್ತಿದ್ದವಳು ಎದ್ದಳು, ಆಮೇಲೆ ಹಾಳೆ ಕತ್ತರಿಸುತ್ತಿದ್ದವಳು. ಬೈಂಡಿಂಗ್‌ನ ಏಳು ಹೆಂಗಸರು. ಯಾರ ಕೈಯಲ್ಲೂ ಪುಸ್ತಕವಿರಲಿಲ್ಲ; ಒಟ್ಟಿಗೆ ಹೇಳಿದರು:

"ಒಳಗೆ ಬಾ. ನಿನ್ನ ಬೆರಳಿನ ಎಣ್ಣೆಕಪ್ಪು
ನನ್ನ ತೋಳ ಮೇಲೆ ಬೆಳಗಿನವರೆಗೂ ಇರಲಿ."

ಹಿರಿಯರೊಬ್ಬರು ಕೆಮ್ಮಿದರು. ಪಾದ್ರಿಯ ಕಿವಿ ಕೆಂಪಾಯಿತು. ಅವರು ಪುಸ್ತಕ ಮತ್ತೆ ಬಿಡಿಸಿ, ಆ ಎರಡು ಸಾಲನ್ನು ತಾವೂ ನಿಧಾನವಾಗಿ ಓದಿದರು.

"ಯಾರ ಮೇಲೆ ಬರೆದಿದ್ದು ಇದು?" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು.

ಮೇಸ್ತ್ರಿ ಮಗಳ ಕೈ ಬಿಡಿಸಿಕೊಂಡು ಮೆಲ್ಲನೆ ಎದ್ದ. ಕೋಟಿನ ಗುಂಡಿ ಹಾಕಿಕೊಂಡ. ಎಪ್ಪತ್ತೆರಡು ವರ್ಷದ ಬೆನ್ನು ನೆಟ್ಟಗೆ ಮಾಡಿ, ಇಡೀ ಚರ್ಚಿಗೆ ತನ್ನ ಮುಖ ಕಾಣುವಂತೆ ತಿರುಗಿ ನಿಂತ.